ದೇವರನ್ನು ನಂಬುವುದು ಜಾಣರ ಬಾಜಿಯೇ?

ಹೊಸನಗರದವನು:
ನೇರವಾಗಿ ಕೇಳುತ್ತೇನೆ. ದೇವರಿದ್ದಾನೋ ಇಲ್ಲವೋ ಗೊತ್ತಿಲ್ಲದವನು ಯಾವುದಕ್ಕೂ ಇರಲಿ ಎಂದು ನಂಬಿಬಿಡುವುದು ಜಾಣತನವೇ? ನಮ್ಮ ಅಪ್ಪಯ್ಯನ ವಾದ ಹೀಗಿದೆ: "ಇದ್ದರೆ ಕೈ ಹಿಡಿಯುತ್ತಾನೆ. ಇಲ್ಲದಿದ್ದರೆ ಒಂದು ತೆಂಗಿನಕಾಯಿ ಹೋಯಿತು. ಅದಾದರೂ ಎಲ್ಲಿಗೆ ಹೋಯಿತು, ಚಟ್ನಿಗೆ ಬಂತು." ತೋಟದ ತಲೆಯಲ್ಲಿರುವ ಚೌಡಿ ಬನದಲ್ಲಿ ವರ್ಷಕ್ಕೊಮ್ಮೆ ಕಾಯಿ ಒಡೆಸುವುದಕ್ಕೆ ಅವರು ಕೊಡುವ ಕಾರಣ ಇಷ್ಟೇ. ಬೆಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡುವವರೊಬ್ಬರು, ಪಾಸ್ಕಲ್ ಎಂಬ ಫ್ರೆಂಚ್ ಗಣಿತಜ್ಞ ಇದನ್ನೇ ಹದಿನೇಳನೆಯ ಶತಮಾನದಲ್ಲಿ ಹೇಳಿದ್ದಾನೆ ಎಂದರು. ಅಪ್ಪಯ್ಯನಿಗೆ ತಿಳಿಸಿದರೆ "ಹೌದೇನು, ಅವನಿಗೂ ಅಡಿಕೆ ತೋಟವಿತ್ತೇ?" ಎಂದು ಕೇಳಿದರು. ನನಗೆ ಇದು ದೇವರ ಜೊತೆಗಿನ ವ್ಯಾಪಾರದಂತೆ ಕಾಣುತ್ತದೆ. ಆದರೆ ಲೆಕ್ಕ ಎಲ್ಲಿ ತಪ್ಪಿದೆ ಎಂದು ಬೊಟ್ಟು ಮಾಡಿ ತೋರಿಸಲು ಆಗುತ್ತಿಲ್ಲ. ತಿಳಿದವರು ಹೇಳಿ. ಬೈಯುವವರು ಸ್ವಲ್ಪ ತಡೆದು ಬೈಯಿರಿ.

ಗಣಿತದ ಮೇಷ್ಟ್ರು:
ನಿಮ್ಮ ಅಪ್ಪಯ್ಯ ಹೇಳಿದ್ದು ಪಾಸ್ಕಲ್ ವಾದದ ಅರ್ಧ ಮಾತ್ರ. ಬ್ಲೇಸ್ ಪಾಸ್ಕಲ್ (1623–1662) ಸಂಭವನೀಯತೆಯ ಗಣಿತಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬ. 1654ರಲ್ಲಿ ಅವನೂ ಫರ್ಮಾ ಎಂಬ ಇನ್ನೊಬ್ಬ ಗಣಿತಜ್ಞನೂ ಪತ್ರ ಬರೆದುಕೊಂಡು ಜೂಜಿನ ಒಂದು ಸಮಸ್ಯೆಯನ್ನು ಬಿಡಿಸಿದರು. ಆಟ ಅರ್ಧಕ್ಕೆ ನಿಂತರೆ ಪಣದ ಹಣವನ್ನು ಹೇಗೆ ಹಂಚಬೇಕು? ಇದುವರೆಗೆ ಗೆದ್ದದ್ದನ್ನಲ್ಲ, ಆಟ ಮುಂದುವರಿದಿದ್ದರೆ ಗೆಲ್ಲುವ ಸಾಧ್ಯತೆ ಯಾರಿಗೆ ಎಷ್ಟಿತ್ತು ಎಂಬುದನ್ನು ನೋಡಿ ಹಂಚಬೇಕು ಎಂಬುದು ಅವರ ಉತ್ತರ. ಅದೇ ಬಗೆಯ ಲೆಕ್ಕವನ್ನು ಪಾಸ್ಕಲ್ ಆಮೇಲೆ ದೇವರಿಗೂ ಹಚ್ಚಿದ. ದೇವರಿರುವ ಸಾಧ್ಯತೆ ಸಾವಿರಕ್ಕೆ ಒಂದಿರಲಿ, ಕೋಟಿಗೆ ಒಂದಿರಲಿ, ಸಿಗುವ ಫಲ ಅನಂತವಾದರೆ ಗುಣಿಸಿದಾಗ ಬರುವುದೂ ಅನಂತವೇ. ಕಳೆದುಕೊಳ್ಳುವುದು ಈ ಬದುಕಿನ ಒಂದಿಷ್ಟು ಸುಖ, ಅದಕ್ಕೊಂದು ಮಿತಿಯಿದೆ. ಆದ್ದರಿಂದ ನಂಬು ಎಂದ. ಗಮನಿಸಿ, ದೇವರಿದ್ದಾನೆ ಎಂದು ಸಾಧಿಸಲು ಅವನು ಇಲ್ಲಿ ಹೋಗಲೇ ಇಲ್ಲ. ಬುದ್ಧಿಯಿಂದ ಅದನ್ನು ತೀರ್ಮಾನಿಸಲಾಗದು ಎಂದೇ ಮಾತು ಶುರು ಮಾಡಿದ. ಅವನು ಸತ್ತ ಮೇಲೆ, 1670ರಲ್ಲಿ, ಟಿಪ್ಪಣಿಗಳು ಪುಸ್ತಕವಾಗಿ ಹೊರಬಂದವು.

ನಿಮ್ಮ ಅಪ್ಪಯ್ಯನ ಬಾಜಿಯಲ್ಲಿ ಅನಂತದ ಸುದ್ದಿಯೇ ಇಲ್ಲ. ಅವರಿಗೆ ಬೇಕಾದದ್ದು ಈ ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಿರುವುದು.

ತುಂಗೆಯ ದಡ:
ಹಾಗಾದರೆ ಇಬ್ಬರಲ್ಲಿ ಅಪ್ಪಯ್ಯನೇ ಜಾಣರು.

ವಿಮೆಯವನು:
ಇದರಲ್ಲಿ ಇಷ್ಟು ತಲೆ ಕೆಡಿಸಿಕೊಳ್ಳುವುದೇನಿದೆ? ಬೆಳೆ ವಿಮೆ ಮಾಡಿಸುವುದಿಲ್ಲವೇ? ಕಂತು ಚಿಕ್ಕದು, ಹಾನಿಯಾದರೆ ಬರುವುದು ದೊಡ್ಡದು. ಹಾನಿಯಾಗಲೇ ಇಲ್ಲವೆಂದು ಯಾರೂ ಅಳುವುದಿಲ್ಲ. ದೇವರನ್ನು ನಂಬುವುದೂ ಹಾಗೆಯೇ.

ಎರಡೆಕರೆ ತೋಟ:
ವಿಮೆಯವರೇ, ಉದಾಹರಣೆ ಕೊಡುವ ಮುನ್ನ ನಮ್ಮನ್ನು ಕೇಳಬಾರದಿತ್ತೇ? ಅಡಿಕೆಗೆ ಇರುವುದು ಹವಾಮಾನ ಆಧಾರಿತ ವಿಮೆ. ನನ್ನ ತೋಟದಲ್ಲಿ ಎಷ್ಟು ಗೊನೆ ಉದುರಿತು ಎಂದು ಯಾರೂ ಬಂದು ನೋಡುವುದಿಲ್ಲ. ಪಂಚಾಯಿತಿಯ ಮಳೆಮಾಪಕ ಏನು ಹೇಳುತ್ತದೋ ಅದೇ ಲೆಕ್ಕ. ಒಂದು ವರ್ಷ ಮರದ ಬುಡದಲ್ಲಿ ಕಾಯಿ ರಾಶಿಯಾಗಿ ಕೊಳೆತು ನಾರುತ್ತಿದ್ದರೂ ನನ್ನ ಖಾತೆಗೆ ಬಿಡಿಗಾಸು ಬೀಳಲಿಲ್ಲ. ಮೇಲಿನ ಕಚೇರಿಯ ಮಾಪಕವೂ ಕೆಟ್ಟು ಕೂತಿದ್ದರೆ ಏನು ಮಾಡುತ್ತೀರಿ?

ವಿಮೆಯವನು:
ಮಾಪಕ ಕೆಟ್ಟರೆ ದೂರು ಕೊಡಬಹುದು.

ಎರಡೆಕರೆ ತೋಟ:
ಕೊಟ್ಟಿದ್ದೇನೆ. ಎರಡೂ ಕಡೆ.

ಹೊಂಬುಜದ ಕಡೆಯವಳು:
ಎಲ್ಲರೂ ಪಟ್ಟಿಯಲ್ಲಿ ಎರಡೇ ಕಂಬ ಹಾಕುತ್ತಿದ್ದೀರಿ, ದೇವರು ಇದ್ದಾನೆ ಅಥವಾ ಇಲ್ಲ ಎಂದು. ಮಲೆನಾಡಿನಲ್ಲಿ ಕೂತು ಇದನ್ನು ಬರೆಯಲು ಹೇಗೆ ಮನಸ್ಸು ಬಂತು? ಒಂದು ಹಳ್ಳಿಯ ಎಲ್ಲೆಯೊಳಗೇ ಚೌಡಿ, ಭೂತಪ್ಪ, ಜಟಕ, ನಾಗ, ಮಾರಿ ಎಲ್ಲರೂ ಇದ್ದಾರೆ. ಒಬ್ಬರಿಗೆ ಕೋಳಿ ಬೇಕು, ಇನ್ನೊಬ್ಬರಿಗೆ ರಕ್ತ ಕಂಡರೆ ಆಗದು. ಇದರಲ್ಲಿ ಯಾರ ಮೇಲೆ ಹಣ ಕಟ್ಟುತ್ತೀರಿ?

ನಮ್ಮ ಮನೆಯ ವಿಷಯವನ್ನೇ ಹೇಳುತ್ತೇನೆ. ನಾವು ಜೈನರು. ನಮ್ಮಲ್ಲಿ ಜಗತ್ತನ್ನು ಸೃಷ್ಟಿಸಿದ, ಸತ್ತ ಮೇಲೆ ಕೂಡಿಸಿ ತೀರ್ಪು ಕೊಡುವ ದೇವರೇ ಇಲ್ಲ. ತೀರ್ಥಂಕರರು ಯಾರಿಗೂ ಏನನ್ನೂ ಕೊಡುವವರಲ್ಲ, ಕರ್ಮ ಕಳೆದುಕೊಳ್ಳುವುದು ಅವರವರ ಪಾಡು. ಹಾಗೆಂದು ಹೊಂಬುಜದ ಪದ್ಮಾವತಿ ಅಮ್ಮನ ಮುಂದೆ ನಮ್ಮ ಅಜ್ಜಿ ಸೆರಗೊಡ್ಡಿ ಬೇಡುವುದನ್ನು ಬಿಟ್ಟಿಲ್ಲ. ಪಾಸ್ಕಲ್ ನಮ್ಮಜ್ಜಿಯನ್ನು ಯಾವ ಕಂಬದಲ್ಲಿ ಕೂರಿಸುತ್ತಾನೆ?

ಕಾರಣ ಕೊಡಿ:
ಮೇಲಿನ ಅಕ್ಕನ ಪ್ರಶ್ನೆಯನ್ನು ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚ್ ಚಿಂತಕ ದಿದೆರೋ ಕೇಳಿಯಾಗಿದೆ. ಒಬ್ಬ ಇಮಾಮನೂ ಇದೇ ವಾದವನ್ನು ಅಷ್ಟೇ ಚೆನ್ನಾಗಿ ಮಂಡಿಸಬಹುದಲ್ಲ ಎಂದ. ಬಾಜಿ ಎಲ್ಲರ ಪರವಾಗಿಯೂ ಗೆಲ್ಲುತ್ತದೆ ಎಂದರೆ ಯಾರ ಪರವಾಗಿಯೂ ಗೆಲ್ಲುವುದಿಲ್ಲ ಎಂದೇ ಅರ್ಥ.

ನನ್ನ ದೊಡ್ಡ ತಕರಾರು "ಹೋಗುವುದೇನು" ಎಂಬ ಮಾತಿನ ಬಗ್ಗೆ. ಒಂದು ತೆಂಗಿನಕಾಯಿಯ ಬೆಲೆಯನ್ನು ಮಾತ್ರ ಏಕೆ ಬರೆಯುತ್ತೀರಿ? ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಹೆಂಗಸರು ಬೆತ್ತಲೆ ಸೇವೆ ಮಾಡುತ್ತಿದ್ದದ್ದೂ ಹರಕೆಯ ಹೆಸರಿನಲ್ಲೇ. 1986ರಲ್ಲಿ ಅದನ್ನು ತಡೆಯಲು ಹೋದ ಕಾರ್ಯಕರ್ತರೂ ಪೊಲೀಸರೂ ಏಟು ತಿಂದರು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಬಾಜಿಯ ಪಣವನ್ನು ಯಾರು ಕಟ್ಟುತ್ತಾರೆ ಎಂಬುದನ್ನೂ ನೋಡಬೇಕು. ಲೆಕ್ಕ ಹಾಕುವವನು ಜಗಲಿಯ ಮೇಲಿರುತ್ತಾನೆ, ತೆರುವವಳು ನದಿಯಲ್ಲಿ ನೆನೆದು ನಡುಗುತ್ತಿರುತ್ತಾಳೆ.

ಶರಾವತಿ ಹಿನ್ನೀರು:
ಎಲ್ಲಿಂದ ಎಲ್ಲಿಗೆ ಹೋದಿರಿ ಸ್ವಾಮಿ! ಕಾಯಿ ಒಡೆಯುವುದಕ್ಕೂ ಚಂದ್ರಗುತ್ತಿಗೂ ಏನು ಸಂಬಂಧ?

ಕಾರಣ ಕೊಡಿ:
ಫಲ ಅನಂತ ಎಂದು ಒಮ್ಮೆ ಒಪ್ಪಿಕೊಂಡರೆ ಎಷ್ಟು ದೊಡ್ಡ ಪಣ ಕೇಳಿದರೂ ಬೇಡ ಎನ್ನಲು ಕಾರಣ ಉಳಿಯುವುದಿಲ್ಲ. ಸಂಬಂಧ ಅದು.

ಅರ್ಚಕರ ಮಗ:
ಒಳಗಿನಿಂದ ನೋಡಿದವನಾಗಿ ಒಂದು ಮಾತು. ನೀವೆಲ್ಲ ಹರಕೆಯನ್ನೂ ಪಾಸ್ಕಲ್ ಬಾಜಿಯನ್ನೂ ಒಂದೇ ಚೀಲಕ್ಕೆ ತುಂಬುತ್ತಿದ್ದೀರಿ. ಪಾಸ್ಕಲ್ ಹೇಳುವುದು ಜೀವನವಿಡೀ ಮುಂಗಡ ಕಟ್ಟು, ಸತ್ತ ಮೇಲೆ ನೋಡೋಣ ಎಂದು. ನಮ್ಮ ಜನ ಅಷ್ಟು ಭೋಳೆಯಲ್ಲ. "ಮಗಳಿಗೆ ಮದುವೆಯಾಗಲಿ, ಆಮೇಲೆ ಸೀರೆ ಉಡಿಸುತ್ತೇನೆ" ಎನ್ನುತ್ತಾರೆ. ಮೊದಲು ಕೆಲಸ, ಆಮೇಲೆ ಸಂಭಾವನೆ. ಮುಂಗಡವೆಂದರೆ ಅರಿಶಿನದ ಬಟ್ಟೆಯ ಚೂರಿನಲ್ಲಿ ಕಟ್ಟಿಟ್ಟ ಒಂದು ರೂಪಾಯಿ ಮಾತ್ರ. ನಮ್ಮ ಮನೆಯ ದೇವರ ಗೂಡಿನಲ್ಲಿ ಇಂಥ ಗಂಟುಗಳು ಇರುತ್ತಿದ್ದವು. ಅರಿಶಿನ ಬಿಳಿಚಿ, ಗಂಟು ಬಿಗಿದು, ಯಾರದ್ದು ಯಾವುದೆಂದು ಅಮ್ಮನಿಗೆ ಮಾತ್ರ ಗೊತ್ತಿತ್ತು. ಕೆಲಸವಾದ ಮೇಲೆ ಮರೆತವರು ಎರಡು ವರ್ಷ ಬಿಟ್ಟು ಬಂದು ತಪ್ಪುಕಾಣಿಕೆ ಹಾಕುತ್ತಿದ್ದರು. ಅಂದರೆ ಬಾಕಿಯ ಮೇಲೆ ಬಡ್ಡಿಯೂ ಉಂಟು. ಇದು ಜೂಜಲ್ಲ, ಕರಾರು. ಒಪ್ಪುವುದೂ ಬಿಡುವುದೂ ನಿಮ್ಮಿಷ್ಟ.

ಗಣಿತದ ಮೇಷ್ಟ್ರು:
ಇದು ಬಹಳ ಒಳ್ಳೆಯ ಮಾತು. ಹರಕೆಯಲ್ಲಿ ಫಲ ಬಂತೋ ಇಲ್ಲವೋ ಎಂದು ಇದೇ ಜನ್ಮದಲ್ಲಿ ನೋಡಬಹುದು. ಪಾಸ್ಕಲ್ ಬಾಜಿಯಲ್ಲಿ ನೋಡಲು ಆಗದು, ಅದಕ್ಕೇ ಅದನ್ನು ಸುಳ್ಳೆಂದು ತೋರಿಸುವುದೂ ಆಗದು.

ಕಾರಣ ಕೊಡಿ:
ಹರಕೆಯನ್ನಾದರೂ ಯಾರು ನೋಡಿದ್ದಾರೆ? ಪ್ರಾಚೀನ ರೋಮಿನ ಚಿಂತಕ ಸಿಸೆರೊ ಬರೆದಿಟ್ಟ ಒಂದು ಪ್ರಸಂಗವಿದೆ. ಡಯಾಗೊರಾಸ್ ಎಂಬ ನಾಸ್ತಿಕನಿಗೆ ಗೆಳೆಯನೊಬ್ಬ, ಹರಕೆ ಹೊತ್ತು ಬಿರುಗಾಳಿಯಿಂದ ಪಾರಾದವರು ಅರ್ಪಿಸಿದ ಚಿತ್ರಫಲಕಗಳನ್ನು ತೋರಿಸಿದನಂತೆ. "ಮುಳುಗಿ ಹೋದವರ ಚಿತ್ರಗಳು ಎಲ್ಲಿವೆ?" ಎಂದು ಇವನು ಕೇಳಿದ. ಮಾರಿಕಾಂಬೆಗೆ ಬೆಳ್ಳಿಯ ತೊಟ್ಟಿಲು ಒಪ್ಪಿಸಿದವರನ್ನು ಎಣಿಸುತ್ತೀರಿ. ಹರಕೆ ಹೊತ್ತೂ ಮಗುವಾಗದವರು ಯಾವ ಪಟ್ಟಿಯಲ್ಲಿದ್ದಾರೆ? ಅರ್ಚಕರ ಮಗನೇ ಹೇಳಲಿ, ಕೆಲಸವಾಗದವರ ಗಂಟು ಏನಾಗುತ್ತಿತ್ತು?

ಅರ್ಚಕರ ಮಗ:
ಗೂಡಿನಲ್ಲೇ ಉಳಿಯುತ್ತಿತ್ತು. ಯಾರೂ ವಾಪಸು ಕೇಳಲು ಬಂದದ್ದನ್ನು ನಾನು ಕಂಡಿಲ್ಲ. ಇದು ನಿಮ್ಮ ವಾದಕ್ಕೆ ಸಹಾಯವಾಗುತ್ತದೆ ಎಂದು ಗೊತ್ತು, ಆದರೂ ಹೇಳುತ್ತಿದ್ದೇನೆ.

ತೀರ್ಥಹಳ್ಳಿ ಶಾರದಕ್ಕ:
ಗಂಡಸರ ಲೆಕ್ಕ ಮುಗಿದಿದ್ದರೆ ನಾನೂ ಮಾತಾಡುತ್ತೇನೆ. ಭೂಮಿ ಹುಣ್ಣಿಮೆಯ ಹಿಂದಿನ ದಿನ ಸೊಪ್ಪು ಕೊಯ್ದು ತರುವವರು ನಾವು, ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು ಬಿಳಿಯ ಚಿತ್ತಾರ ಬರೆಯುವವರೂ ನಾವು, ರಾತ್ರಿಯಿಡೀ ಒಲೆ ಮುಂದೆ ಕೂತು ಅಡುಗೆ ಮಾಡುವವರೂ ನಾವು. ಬೆಳಕು ಹರಿಯುವ ಮುನ್ನ ಗಂಡಸರು ಸೊಪ್ಪಿನ ಅಂಬಲಿಯನ್ನು ಗದ್ದೆಗೆ ಎರಚಿ ಬರುತ್ತಾರೆ. ಪೈರಿಗೆ ಹೊಡೆ ತುಂಬಿದ ಹೊತ್ತು ಅದು. ಭೂಮಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂದು ಮಾಡುವ ಹಬ್ಬ. ನಮ್ಮತ್ತೆ ದೇವರಿದ್ದಾನೆಯೇ ಎಂದು ಒಂದು ದಿನವೂ ಯೋಚಿಸಿದ್ದಿರಲಾರರು. ಬಸುರಿಗೆ ಬಡಿಸುವಾಗ ನನಗೇನು ಸಿಗುತ್ತದೆ ಎಂದು ಕೇಳುವವರುಂಟೇ? ಇದನ್ನು ಬಾಜಿ ಎಂದು ಕರೆದವನು ಒಂದು ಸಲವಾದರೂ ಒಲೆ ಮುಂದೆ ಕೂತಿದ್ದರೆ ಆ ಮಾತು ಹೇಳುತ್ತಿರಲಿಲ್ಲ.

ಹಾಗೆಂದು ಕಾರಣ ಕೊಡಿ ಎನ್ನುವವರ ಮಾತು ಪೂರ್ತಿ ಸುಳ್ಳಲ್ಲ. ಉಪವಾಸ, ವ್ರತ, ಮಡಿ ಎಲ್ಲವೂ ಹೆಂಗಸರ ತಲೆಯ ಮೇಲೆ. ಪುಣ್ಯ ಬಂದರೆ ಮಾತ್ರ ಮನೆಗೆಲ್ಲ.

ತುಮರಿಯವನು:
ಬಾಜಿಯ ವಿಷಯಕ್ಕೆ ನಮ್ಮ ಕಡೆಯದೊಂದನ್ನು ಸೇರಿಸಿ. "ಈ ತೋಟಕ್ಕೆ ಶ್ರೀ ಸಿಗಂದೂರು ಚೌಡೇಶ್ವರಿ ಕಾವಲಿದೆ" ಎಂಬ ಫಲಕವನ್ನು ಎಲ್ಲರೂ ನೋಡಿರುತ್ತೀರಿ. ಅಡಿಕೆ ಕದಿಯುವವನು ಅದನ್ನು ಕಂಡು ಹಿಂದೆ ಸರಿಯುತ್ತಾನೆ ಎಂಬ ಲೆಕ್ಕ. ನಮ್ಮ ಪಕ್ಕದ ತೋಟದವರು ದೇವರು ದಿಂಡಿರು ಎಂದರೆ ನಗುವ ಮನುಷ್ಯ, ಅವರ ಬೇಲಿಗೂ ಒಂದು ನೇತಾಡುತ್ತಿದೆ. ಕೇಳಿದರೆ "ನಾನು ನಂಬಬೇಕಾಗಿಲ್ಲ ಮಾರಾಯರೇ, ಕಳ್ಳ ನಂಬಿದರೆ ಸಾಕು" ಎನ್ನುತ್ತಾರೆ. ಇದಕ್ಕಿಂತ ಜಾಣ ಬಾಜಿ ಇದೆಯೇ?

ತುಂಗೆಯ ದಡ:
ಈಗ ಫಲಕದ ಪಕ್ಕದಲ್ಲೇ ಸಿಸಿ ಕ್ಯಾಮೆರಾ ಕೂಡ ಬಂದಿದೆ.

ತುಮರಿಯವನು:
ಕ್ಯಾಮೆರಾ ನಂಬಿಕೆಯಿಲ್ಲದ ಕಳ್ಳನಿಗೆ.

ಶರಾವತಿ ಹಿನ್ನೀರು:
ಸಿಗಂದೂರು ಎಂದಾಗ ನೆನಪಾಯಿತು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿಗೆ ಸೇತುವೆಯಾದ ಮೇಲೆ ಭಾನುವಾರ ಆ ಕಡೆ ತಲೆ ಹಾಕುವಂತಿಲ್ಲ. ಲಾಂಚಿಗೆ ಕಾಯುವಾಗ ಜನ ಅರ್ಧ ಭಕ್ತಿಯಲ್ಲೇ ಇರುತ್ತಿದ್ದರು, ಈಗ ದರ್ಶನ ಮುಗಿಸಿ ಮಧ್ಯಾಹ್ನಕ್ಕೆ ಜೋಗ.

ತುಮರಿಯವನು:
ಲಾಂಚಿನ ಸೊಗಸು ದಾಟಿ ಹೋಗುವವರಿಗೆ. ಸಂಜೆ ಕೊನೆಯ ಲಾಂಚು ತಪ್ಪಿದ ಮೇಲೆ ಹೆರಿಗೆ ನೋವು ಬಂದವರನ್ನು ಕೇಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗಿನಿಂದ ನಾವು ನೀರಿನ ಆಚೆ ಕೂತವರು. ಹರಕೆ ಹೊತ್ತವರು ಅದೆಷ್ಟೋ ಜನ. ಸೇತುವೆ ಕಟ್ಟಿದ್ದು ಎಂಜಿನಿಯರುಗಳು.

ಎರಡೆಕರೆ ತೋಟ:
ಫಲಕದ ಮಾತು ಬಂತಲ್ಲ, ನಾವು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಹುಟ್ಟೂ ಹೀಗೆಯೇ. ಫ್ರಾನ್ಸಿನ ಬೋರ್ಡೋ ಕಡೆ ದಾರಿ ಬದಿಯ ದ್ರಾಕ್ಷಿಯನ್ನು ಹೋಗುವವರು ಬರುವವರು ಕಿತ್ತು ತಿನ್ನುತ್ತಿದ್ದರು. ಬೆಳೆಗಾರರು ಮೈಲುತುತ್ತ ಮತ್ತು ಸುಣ್ಣ ಕಲಸಿ ಬಳ್ಳಿಗೆ ಎರಚಿದರು. ವಿಷ ಎಂದು ಹೆದರಿ ಕಳ್ಳರು ಬಿಡಲಿ ಎಂದು. 1880ರ ದಶಕದಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ನೋಡಿದರೆ, ಎರಚಿದ ಸಾಲುಗಳಿಗೆ ರೋಗವಿಲ್ಲ. ಆಮೇಲೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ನಮ್ಮ ಅಡಿಕೆಯ ಕೊಳೆಗೂ ಅದನ್ನೇ ತಂದರು. ಅದಕ್ಕೆ ಮೊದಲು ಮಳೆ ತಾಗದಂತೆ ಗೊನೆಗೊನೆಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುವುದೊಂದೇ ದಾರಿ.

ಕಾರಣ ಕೊಡಿ:
ಕೇಳಿದಿರಾ? ಕಳ್ಳನ ಹೆದರಿಕೆಗೆಂದು ಹಾಕಿದ್ದು ನಿಜವಾಗಿಯೂ ಕೆಲಸ ಮಾಡಿತು, ಏಕೆಂದರೆ ಯಾರೋ ಒಬ್ಬ ಎರಚಿದ ಸಾಲನ್ನೂ ಎರಚದ ಸಾಲನ್ನೂ ಹೋಲಿಸಿ ನೋಡಿದ. ನಾವೂ ಮುಂಗಾರಿಗೆ ಮುಂಚೆ ಒಂದು ಸಲ, ಸುಮಾರು ನಲವತ್ತು ದಿನ ಬಿಟ್ಟು ಇನ್ನೊಂದು ಸಲ ಔಷಧಿ ಹೊಡೆಸಿದ ಮೇಲೆಯೇ ಚೌಡಿಗೆ ಕಾಯಿ ಒಡೆಸುವುದು. ಔಷಧಿ ಬಿಟ್ಟು ಕಾಯಿ ಮಾತ್ರ ಒಡೆಸಿ ಮಳೆಗಾಲ ಕಳೆಯುವ ಧೈರ್ಯ ಯಾರಿಗಿದೆ? ನಿಜವಾದ ಬಾಜಿ ಎಲ್ಲಿ ಕಟ್ಟುತ್ತೀರಿ ಎಂದು ಅಲ್ಲೇ ಗೊತ್ತಾಗುತ್ತದೆ.

ಎರಡೆಕರೆ ತೋಟ:
ನಾನು ಎರಡನ್ನೂ ಮಾಡುತ್ತೇನೆ. ಕೊನೆಗೌಡ ಮಳೆಯಲ್ಲಿ ಜಾರುವ ಮರ ಹತ್ತುವಾಗ ಕೆಳಗೆ ನಿಂತು ಪೈಪು ಹಿಡಿದು ನೋಡಿ, ಬಾಯಿಗೆ ಯಾರ ಹೆಸರು ಬರುತ್ತದೆ ಎಂದು.

ನಿರ್ವಾಹಕ:
ಅಡಿಕೆ ಧಾರಣೆ ಮತ್ತು ಔಷಧಿಯ ಮಾತಿಗೆ ಬೇರೆ ಎಳೆ ಇದೆ. ಇಲ್ಲಿ ದೇವರು ಮಾತ್ರ.

ಮೀಮಾಂಸೆ ಓದಿದವನು:
ಈ ವಾದ ಫ್ರಾನ್ಸಿನಿಂದ ಬರಬೇಕಾಗಿರಲಿಲ್ಲ. ಸಂಸ್ಕೃತದಲ್ಲಿ ಹಳೆಯ ಶ್ಲೋಕವೇ ಇದೆ: "ಸಂದಿಗ್ಧೇ ಪರಲೋಕೇಽಪಿ ತ್ಯಾಜ್ಯಮೇವಾಶುಭಂ ಬುಧೈಃ, ಯದಿ ನಾಸ್ತಿ ತತಃ ಕಿಂ ಸ್ಯಾದಸ್ತಿ ಚೇನ್ನಾಸ್ತಿಕೋ ಹತಃ." ಪರಲೋಕ ಇದೆಯೋ ಇಲ್ಲವೋ ಸಂಶಯವಿದ್ದರೂ ತಿಳಿದವರು ಕೆಟ್ಟದ್ದನ್ನು ಬಿಡಬೇಕು, ಇಲ್ಲದಿದ್ದರೆ ಹೋಗುವುದೇನು, ಇದ್ದರೆ ನಾಸ್ತಿಕ ಕೆಟ್ಟ. ಆದರೆ ಒಂದು ವ್ಯತ್ಯಾಸ ನೋಡಿ. ಇದು ದೇವರನ್ನು ನಂಬು ಎನ್ನುವುದಿಲ್ಲ, ಕೆಟ್ಟದ್ದನ್ನು ಬಿಡು ಎನ್ನುತ್ತದೆ. ಪಾಲಿಯ ಅಪಣ್ಣಕ ಸುತ್ತದಲ್ಲಿ ಬುದ್ಧ ಹೇಳುವುದೂ ಇದೇ ಧಾಟಿ. ಪರಲೋಕವಿಲ್ಲದಿದ್ದರೂ ಸರಿಯಾಗಿ ಬದುಕಿದವನಿಗೆ ಈ ಲೋಕದಲ್ಲೇ ಒಳ್ಳೆಯ ಹೆಸರು ಸಿಗುತ್ತದೆ.

ಇನ್ನು ವೇದದ ಕರ್ಮಭಾಗವನ್ನೇ ಮುಖ್ಯವೆಂದ ಪೂರ್ವಮೀಮಾಂಸಕರನ್ನು ನೋಡಿದರೆ ಇನ್ನೂ ತಮಾಷೆ. ಯಜ್ಞ ಮಾಡಲೇಬೇಕು ಎಂದು ಅವರಷ್ಟು ಹಟ ಹಿಡಿದವರಿಲ್ಲ. ಜಗತ್ತನ್ನು ಸೃಷ್ಟಿಸಿದ ಈಶ್ವರನಿದ್ದಾನೆ ಎಂಬುದನ್ನು ಮಾತ್ರ ಅವರಲ್ಲಿ ದೊಡ್ಡವನಾದ ಕುಮಾರಿಲ ಭಟ್ಟ ಒಪ್ಪುವುದಿಲ್ಲ. ಕರ್ಮ ಬೇಕು, ಕರ್ತ ಬೇಡ. ಶಾರದಕ್ಕನ ಅತ್ತೆ ಅವರಿಗೆ ಹತ್ತಿರ.

ತೀರ್ಥಹಳ್ಳಿ ಶಾರದಕ್ಕ:
ನಮ್ಮತ್ತೆ ಇದನ್ನು ಕೇಳಿದ್ದರೆ ನಿಮಗೆ ಇನ್ನೊಂದು ಕಡುಬು ಬಡಿಸುತ್ತಿದ್ದರು.

ಗಣಿತದ ಮೇಷ್ಟ್ರು:
ಯಾವ ದೇವರು ಎಂಬ ಪ್ರಶ್ನೆಗೆ ಉತ್ತರ ಬಾಕಿ ಇದೆ. ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ 1896ರಲ್ಲಿ ಹೇಳಿದ್ದು, ಆಯ್ಕೆ ನಮ್ಮ ಪಾಲಿಗೆ ಜೀವಂತವಾಗಿರಬೇಕು. ಮೊದಲೇ ಒಂದಿಷ್ಟು ಒಲವಿಲ್ಲದಿದ್ದರೆ ಯಾವ ಬಾಜಿಯೂ ಮನಸ್ಸನ್ನು ಕದಲಿಸದು. ಹೊಸನಗರದವರಿಗೆ ಚೌಡಿ ಜೀವಂತ ಆಯ್ಕೆ, ಗ್ರೀಕರ ಜ್ಯೂಸ್ ಅಲ್ಲ. ಇದರಿಂದ ಪಟ್ಟಿ ಚಿಕ್ಕದಾಗುತ್ತದೆ. ಆದರೆ ಯಾವುದು ನಿಜ ಎಂಬುದು ಹುಟ್ಟಿದ ಊರಿನ ಮೇಲೆ ನಿಂತಂತಾಯಿತು. ಅದು ನನಗೆ ಒಪ್ಪಿಗೆಯಿಲ್ಲ.

ಹೊಸನಗರದವನು:
ಎಲ್ಲವನ್ನೂ ಓದಿದೆ. ಒಂದು ಮಾತು ಉಳಿಯಿತು. ಲಾಭವಿದೆ ಎಂದು ಗೊತ್ತಾದ ಮಾತ್ರಕ್ಕೆ ನಂಬಲು ಆಗುತ್ತದೆಯೇ? ನಾಳೆಯಿಂದ ತುಂಗೆ ಪಶ್ಚಿಮಕ್ಕೆ ಹರಿಯುತ್ತದೆ ಎಂದು ನಂಬಿದರೆ ಕೋಟಿ ಕೊಡುತ್ತೇವೆ ಎಂದರೂ ನನ್ನಿಂದಾಗದು. ಹಾಗೆ ನಟಿಸಬಹುದು ಅಷ್ಟೇ.

ಗಣಿತದ ಮೇಷ್ಟ್ರು:
ಪಾಸ್ಕಲ್ ಜೊತೆ ವಾದಿಸುವವನೂ ಕೊನೆಗೆ ಅದನ್ನೇ ಹೇಳುತ್ತಾನೆ, ನನ್ನಿಂದ ನಂಬಲಾಗುತ್ತಿಲ್ಲ ಎಂದು. ನಂಬಿದವನಂತೆ ನಡೆದುಕೋ ಎಂಬುದು ಪಾಸ್ಕಲ್ ಉತ್ತರ. ತೀರ್ಥ ತೆಗೆದುಕೋ, ಪೂಜೆ ಮಾಡಿಸು, ತಾನಾಗಿ ನಂಬಿಕೆ ಬರುತ್ತದೆ, ಬುದ್ಧಿಯ ಕೊಸರಾಟ ನಿಲ್ಲುತ್ತದೆ. ಅವನಿಗೇ ನಂಬಿಕೆ ಗಟ್ಟಿಯಾದದ್ದು ಮಾತ್ರ ಹೀಗಲ್ಲ. 1654ರ ನವೆಂಬರ್ 23ರ ರಾತ್ರಿ ಏನೋ ಅನುಭವವಾಯಿತು. ಅದನ್ನು ಬರೆದು ಅಂಗಿಯ ಒಳಪದರಕ್ಕೆ ಹೊಲಿದುಕೊಂಡಿದ್ದ. ಸತ್ತ ಮೇಲೆ ಸೇವಕನ ಕೈಗೆ ಸಿಕ್ಕಿತು. ತತ್ವಜ್ಞಾನಿಗಳ ದೇವರಲ್ಲ, ಅಬ್ರಹಾಮನ ದೇವರು ಎಂದು ಅದರಲ್ಲಿದೆ. ಬಾಜಿ ಇತರರಿಗೆ, ಅನುಭವ ತನಗೆ.

ಕಾರಣ ಕೊಡಿ:
ಹಾಗೆ ನಡೆದುಕೊಂಡರೆ ನಂಬಿಕೆ ಬರುತ್ತದೆ ಎಂದಾದರೆ ಅಪ್ಪಯ್ಯನ ಇಷ್ಟು ವರ್ಷಗಳ ತೆಂಗಿನಕಾಯಿಗೆ ಬರಬೇಕಿತ್ತಲ್ಲ? ಅವರಿನ್ನೂ "ಇದ್ದರೆ" ಎಂದೇ ಹೇಳುತ್ತಿದ್ದಾರೆ.

ಗಣಿತದ ಮೇಷ್ಟ್ರು:
ಹೌದು, ಆ ಪ್ರಶ್ನೆಗೆ ಪಾಸ್ಕಲ್ ಹತ್ತಿರ ಉತ್ತರವಿಲ್ಲ. ಲೆಕ್ಕ ನಿಜವಾಗಿ ಕೆಡುವ ಜಾಗ ಮಾತ್ರ ಬೇರೆ. ಈಗಿನ ತತ್ವಜ್ಞಾನಿ ಅಲನ್ ಹಾಯೆಕ್ 2003ರಲ್ಲಿ ಅದನ್ನು ಬಿಡಿಸಿ ತೋರಿಸಿದ್ದಾರೆ. ನಾಣ್ಯ ಚಿಮ್ಮಿ ತಲೆ ಬಿದ್ದರೆ ಮಾತ್ರ ನಂಬುತ್ತೇನೆ ಎನ್ನಿ. ಅರ್ಧ ಗುಣಿಸು ಅನಂತ, ಅದೂ ಅನಂತವೇ. ಲಾಟರಿ ಹೊಡೆದರೆ ನಂಬುತ್ತೇನೆ ಎಂದರೂ ಅಷ್ಟೇ. ಮುಂದೆ ಯಾವತ್ತೋ ನಂಬಿಯೇನು ಎನ್ನುವ ಸೋಮಾರಿಗೂ ಅಷ್ಟೇ ಫಲ. ಎಲ್ಲರಿಗೂ ಒಂದೇ ಉತ್ತರ ಕೊಡುವ ಲೆಕ್ಕ ಯಾರಿಗೂ ದಾರಿ ತೋರಿಸುವುದಿಲ್ಲ.

ವಿಮೆಯವನು:
ಫಲ ಅನಂತವಲ್ಲ, ತುಂಬ ದೊಡ್ಡದು ಅಷ್ಟೇ ಎಂದರೆ?

ಗಣಿತದ ಮೇಷ್ಟ್ರು:
ಆಗ ಸಾಧ್ಯತೆ ಎಷ್ಟು ಎಂದು ಹೇಳಬೇಕಾಗುತ್ತದೆ. ಕೋಟಿಗೆ ಒಂದೋ, ಹತ್ತಕ್ಕೆ ಒಂದೋ? ಆ ಸಂಖ್ಯೆ ಬೇಡವೆಂದೇ ಅವನು ಅನಂತವನ್ನು ತಂದದ್ದು. ನಿಮ್ಮ ಹತ್ತಿರ ಸಂಖ್ಯೆ ಇದ್ದರೆ ಕೊಡಿ, ಲೆಕ್ಕ ನಾನು ಮಾಡುತ್ತೇನೆ.

ವಿಮೆಯವನು:
ಮೇಲಿನ ಕಚೇರಿಯಲ್ಲಿ ಕೇಳಿ ಹೇಳುತ್ತೇನೆ.